ಹಕುಹೊ: 45 ಪ್ರಶಸ್ತಿ ಗೆದ್ದವರು ಸುಮೊ ಸಂಘ ಬಿಟ್ಟಿದ್ದೇಕೆ?

2025ರ ಜೂನ್‌ನಲ್ಲಿ ಮಾಜಿ ಸುಮೊ ಕುಸ್ತಿಪಟು ಹಕುಹೊ ಜಪಾನ್ ಸುಮೊ ಸಂಘವನ್ನು ತೊರೆದರು. ಅಗ್ರ ದರ್ಜೆಯಲ್ಲಿ 45 ಪ್ರಶಸ್ತಿ, ಒಟ್ಟು 1187 ಗೆಲುವು. ಸುಮೊ ಇತಿಹಾಸದಲ್ಲಿ ಈ ಲೆಕ್ಕ ಮುಟ್ಟಿದವರು ಇನ್ನೊಬ್ಬರಿಲ್ಲ. ಹೊರನಡೆಯುವ ಹೊತ್ತಿಗೆ ಅವರ ಕೈಯಲ್ಲಿ ಸ್ವಂತ ಗರಡಿಯೂ ಇರಲಿಲ್ಲ.

ಈ ಗೋಜಲಿನ ಬೇರು ಯೊಕೊಜುನಾ ಪಟ್ಟದಲ್ಲಿದೆ. ಸುಮೊದ ಈ ಅತ್ಯುನ್ನತ ಪಟ್ಟ ಒಮ್ಮೆ ಏರಿದವರಿಗೆ ಹಿಂಬಡ್ತಿ ಇಲ್ಲ. ಆಡಲಾಗದಿದ್ದರೆ ನಿವೃತ್ತಿಯೊಂದೇ ದಾರಿ. ಹಾಗಾಗಿ ಗೆಲುವಿನ ಜತೆಗೆ ಘನತೆಯನ್ನೂ ನೋಡುತ್ತಾರೆ. ಅದನ್ನು ಅಳೆಯುವುದು ಹೇಗೆಂಬುದು ಮಾತ್ರ ಆಯಾ ಕಾಲದ ಹಿರಿಯರ ಮನಸ್ಸಿಗೆ ಬಿಟ್ಟದ್ದು. 1972ರಲ್ಲಿ ಹವಾಯಿಯ ತಕಮಿಯಾಮ ಅಗ್ರ ಪ್ರಶಸ್ತಿ ಗೆದ್ದ ಮೊದಲ ವಿದೇಶಿಯಾದರು. 1992ರಲ್ಲಿ ಮೂರನೇ ಪ್ರಶಸ್ತಿ ಗೆದ್ದರೂ ಹವಾಯಿಯವರೇ ಆದ ಕೊನಿಶಿಕಿಗೆ ಯೊಕೊಜುನಾ ಪಟ್ಟ ಸಿಗದೆ ಜನಾಂಗಭೇದದ ಮಾತೆದ್ದಿತು. ಮರುವರ್ಷ ಅಕೆಬೊನೊ ಮೊದಲ ವಿದೇಶಿ ಯೊಕೊಜುನಾ ಆಗಿ ಆ ಬಾಗಿಲು ತೆರೆದರು. 2003ರಲ್ಲಿ ಮಂಗೋಲಿಯಾದ ಅಸಶೊರ್ಯು ಆ ಪಟ್ಟಕ್ಕೆ ಬಂದರು.

ಹಕುಹೊ ಕೂಡ ಮಂಗೋಲಿಯಾದವರೇ. ತಂದೆ 1968ರ ಒಲಿಂಪಿಕ್ಸ್ ಕುಸ್ತಿಯಲ್ಲಿ ಬೆಳ್ಳಿ ಗೆದ್ದವರು. 2000ದಲ್ಲಿ ಜಪಾನಿಗೆ ಬಂದಾಗ ಮಗನ ತೂಕ ಬರೀ 62 ಕೆಜಿ. ಇಂಥ ಸಣಕಲು ಹುಡುಗ ಯಾವ ಗರಡಿಗೂ ಬೇಡವಾಗಿದ್ದ. ಊರಿಗೆ ವಾಪಸಾಗುವ ಕೊನೇ ಗಳಿಗೆಯಲ್ಲಿ ಮಿಯಗಿನೊ ಗರಡಿ ಸೇರಿಸಿಕೊಂಡಿತು. 2007ರಲ್ಲಿ, 22ನೇ ವಯಸ್ಸಿಗೆ, ಅವರು 69ನೇ ಯೊಕೊಜುನಾ.

ಅವರ ವ್ಯಕ್ತಿತ್ವ ಅರಿಯಲು 2010ರಿಂದ 2012ರವರೆಗಿನ ಕಾಲವನ್ನೇ ನೋಡಬೇಕು. 2010ರ ಫೆಬ್ರವರಿಯಲ್ಲಿ ಅಸಶೊರ್ಯು ಹಲ್ಲೆಯ ಆರೋಪ ಹೊತ್ತು ನಿವೃತ್ತರಾದರು. ಜುಲೈ ಹೊತ್ತಿಗೆ ಸುಮೊ ಪಟುಗಳ ಬೇಸ್‌ಬಾಲ್ ಜೂಜಿನ ಹಗರಣ. ಟಿವಿ ನೇರಪ್ರಸಾರ ನಿಂತಿತು, ಚಕ್ರವರ್ತಿಯ ಕಪ್ ಕೊಡಲಿಲ್ಲ. 15 ಪಂದ್ಯಗಳನ್ನೂ ಗೆದ್ದ ಹಕುಹೊ ಕಪ್ಪಿಲ್ಲದೆ ನಿಂತು ಕಣ್ಣೀರಿಟ್ಟರು. ಸತತ 63 ಗೆಲುವಿನ ಓಟವೂ ಅದೇ ವರ್ಷದ್ದು. ಹಳೆಯ ಯೊಕೊಜುನಾ ಫುತಬಯಾಮರ 69ರ ದಾಖಲೆಗೆ ಆರೇ ಕಡಿಮೆ. 2011ರಲ್ಲಿ ಮ್ಯಾಚ್ ಫಿಕ್ಸಿಂಗ್ ಬಯಲಾಗಿ ಮಾರ್ಚ್ ಟೂರ್ನಿಯೇ ರದ್ದಾಯಿತು. ಆ ತಿಂಗಳೇ ಸುನಾಮಿ. ಸಂತ್ರಸ್ತರ ಊರುಗಳಿಗೆ ಹೋಗಿ ಅವರು ಅಖಾಡ ಪ್ರವೇಶದ ಯೊಕೊಜುನಾ ವಿಧಿ ನೆರವೇರಿಸಿದರು. ಸುಮೊ ತಲೆತಗ್ಗಿಸಿದ್ದ ಆ ದಿನಗಳಲ್ಲಿ ಪಟ್ಟದಲ್ಲಿದ್ದವರು ಇವರೊಬ್ಬರೇ. ಆಗ ಅವರ ಘನತೆಯನ್ನು ಪ್ರಶ್ನಿಸುವ ದನಿ ಅಷ್ಟಾಗಿ ಕೇಳಲಿಲ್ಲ.

ವಯಸ್ಸಾದಂತೆ ದೂರುಗಳು ಹೆಚ್ಚಿದವು. 2015ರಲ್ಲಿ ತೀರ್ಪುಗಾರರನ್ನು ಬಹಿರಂಗವಾಗಿ ಟೀಕಿಸಿದರು. 2017ರಲ್ಲಿ ಸೋಲೊಪ್ಪದೆ ಅಖಾಡದ ಕೆಳಗೇ ನಿಂತುಬಿಟ್ಟರು. ಮೊಣಕೈ ಬೀಸಿ ನುಗ್ಗುವ ಪಟ್ಟು ನಿಯಮಬದ್ಧವೇ ಆದರೂ ಯೊಕೊಜುನಾಗೆ ಒಪ್ಪದು ಎಂದರು ಟೀಕಾಕಾರರು. ಕೆಲವು ಟೀಕೆ ನ್ಯಾಯವೇ. ಆದರೆ ಗೆಲುವಿನ ಸಂಭ್ರಮದಲ್ಲಿ ಪ್ರೇಕ್ಷಕರಿಂದ ಚಪ್ಪಾಳೆ ತಟ್ಟಿಸಿದ್ದಕ್ಕೂ 2019ರಲ್ಲಿ ಛೀಮಾರಿ ಬಿತ್ತು. ಗರಡಿ ನಡೆಸಲು ಜಪಾನಿ ಪೌರತ್ವ ಕಡ್ಡಾಯವಾದ್ದರಿಂದ ಅದೇ ವರ್ಷ ಅವರು ಹುಟ್ಟಿದ ದೇಶದ ಪೌರತ್ವ ಬಿಟ್ಟರು. 2021ರಲ್ಲಿ ನಿವೃತ್ತರಾಗಿ ಗುರುವಾಗುವಾಗ ಸುಮೊ ರೀತಿನೀತಿ ಪಾಲಿಸುವುದಾಗಿ ಬರೆದುಕೊಡಬೇಕಾಯಿತು.

2024ರಲ್ಲಿ ಶಿಷ್ಯನೊಬ್ಬ ಕಿರಿಯರನ್ನು ಹೊಡೆಯುತ್ತಿದ್ದುದು ಬೆಳಕಿಗೆ ಬಂತು. ಏಟು ತಿಂದವರ ನೋವು ದೊಡ್ಡದು, ಗುರುವಿಗೂ ಶಿಕ್ಷೆ ಆಗಲೇಬೇಕಿತ್ತು. ಗುರುವಿನ ದರ್ಜೆಯಲ್ಲಿ ಹಕುಹೊಗೆ ಹಿಂಬಡ್ತಿಯಾಯಿತು, ಅವರು ನಡೆಸುತ್ತಿದ್ದ ಮಿಯಗಿನೊ ಗರಡಿ ಮುಚ್ಚಿ ಶಿಷ್ಯರೆಲ್ಲ ಇಸೆಗಹಾಮ ಗರಡಿಗೆ ಸೇರಿದರು. ಮತ್ತೆ ತೆರೆಯುವುದು ಯಾವಾಗ ಎಂಬುದು ವರ್ಷ ಕಳೆದರೂ ಸ್ಪಷ್ಟವಾಗಲಿಲ್ಲ. ತಪ್ಪಿಗೆ ತಕ್ಕ ಶಿಕ್ಷೆಗೂ ಒಂದು ಗಡುವು ಇರಬೇಕಿತ್ತು. ಅದಿಲ್ಲದೆ ಕಾದು ಕುಳಿತ ಹಕುಹೊ ಈಗ ಸುಮೊವನ್ನು ಜಗತ್ತಿಗೆ ಹಬ್ಬಿಸುತ್ತೇನೆ ಎಂದು ಹೊರಟಿದ್ದಾರೆ. 2010ರಲ್ಲೇ ಅವರು ಶುರುಮಾಡಿದ ಮಕ್ಕಳ ಟೂರ್ನಿ ಹಕುಹೊ ಕಪ್ ಆ ಕೆಲಸಕ್ಕೆ ಬುನಾದಿಯಾಗಿದೆ.