ಊರಿನ ಹೆಸರು ಯಾವ ಟೇಬಲ್ಲಿನದು?

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಗುಮಾಸ್ತರಿಗೆ ಕಾಣುವುದು ಒಂದು ಸಾಲು: ಲಾಟಿನ ನಂಬರು, ರೈತರ ಹೆಸರು, ಊರು, ತಾಲ್ಲೂಕು, ಮಾಲು ರಾಶಿಯೋ ಬೆಟ್ಟೆಯೋ ಗೊರಬಲೋ, ತೂಕ, ದರ. ನೋಡಲು ಒಂದೇ ಸಾಲು, ಒಳಗೆ ಅದು ನಾಲ್ಕು ಮನೆಯ ಸಾಮಾನು. ಡೇಟಾಬೇಸಿನಲ್ಲಿ ಮಾಹಿತಿ ಇರುವುದು ಟೇಬಲ್ಲುಗಳಲ್ಲಿ, ಅಂದರೆ ಸಾಲು-ಕಾಲಂಗಳ ಪಟ್ಟಿಗಳಲ್ಲಿ: ತೂಕ ಮತ್ತು ದರ ಲಾಟಿನ ಟೇಬಲ್ಲಿನವು, ಹೆಸರು ಸದಸ್ಯರ ಟೇಬಲ್ಲಿನದು, ಊರಿಗೊಂದು ಟೇಬಲ್, ತಾಲ್ಲೂಕಿಗೆ ಮತ್ತೊಂದು. ಪ್ರೋಗ್ರಾಂ ಬರೆದವರು ‘ಲಾಟು’ ಎಂಬ ಬಿಸಿನೆಸ್ ಆಬ್ಜೆಕ್ಟ್, ಅಂದರೆ ಒಂದು ಲಾಟಿನ ವಿವರಗಳನ್ನು ಪ್ರೋಗ್ರಾಮಿನೊಳಗೆ ಒಟ್ಟಿಗೆ ಹಿಡಿದಿಡುವ ಪೊಟ್ಟಣ, ಮಾಡಿಟ್ಟಿರುತ್ತಾರೆ. ಅದರ ಮೇಲೆ, ಬೇರೆ ಟೇಬಲ್ಲಿನದಾದ ‘ಊರಿನ ಹೆಸರು’ ಎಂಬುದನ್ನು ಕಸ್ಟಮ್ ಪ್ರಾಪರ್ಟಿಯಾಗಿ, ಅಂದರೆ ನಾವೇ ಸೇರಿಸಿದ ಹೆಚ್ಚಿನ ವಿವರವಾಗಿ, ಇಡಬಹುದೇ? ಇಟ್ಟರೆ ಅದಕ್ಕೆ ಬರೆಯುವ ಹಕ್ಕೂ ಇರಬೇಕೇ? ಕೇಳಲು ಸಣ್ಣ ಮಾತು. ಇದಕ್ಕಾಗಿ ತಂಡಗಳೊಳಗೆ ಜಗಳವಾಗಿರುವುದನ್ನು ನೋಡಿದ್ದೇನೆ.

1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟರು. ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡು, ಬೇಕಾದಾಗ ಜೋಡಿಸಿಕೋ ಎಂಬ ಶಿಸ್ತು ಅದರಿಂದ ಬೆಳೆಯಿತು. 1986ರಲ್ಲಿ ಡೇಟಾಬೇಸಿನೊಡನೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್‌ಗೆ ಮಾನಕವಾಯಿತು, 1995ರಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂತು, ಅಷ್ಟರಲ್ಲಿ ಪ್ರೋಗ್ರಾಮರುಗಳು ಟೇಬಲ್ ಬಿಟ್ಟು ಆಬ್ಜೆಕ್ಟುಗಳಲ್ಲಿ ಯೋಚಿಸತೊಡಗಿದ್ದರು. ಟೇಬಲ್ ‘ಜಾಯಿನ್ ಮಾಡು’, ಅಂದರೆ ಬೇರೆ ಟೇಬಲ್ಲಿನ ಸಾಲನ್ನು ಜೋಡಿಸಿಕೋ, ಎನ್ನುತ್ತದೆ. ಆಬ್ಜೆಕ್ಟು ‘ಚುಕ್ಕಿ ಇಟ್ಟು ಒಳಗೆ ಬಾ’ ಎನ್ನುತ್ತದೆ: ಲಾಟು ಚುಕ್ಕಿ ಸದಸ್ಯ ಚುಕ್ಕಿ ಊರು ಚುಕ್ಕಿ ಹೆಸರು.

ಡೇಟಾಬೇಸಿನ ಕಡೆಯವರ ಬಳಿ ಮೊದಲಿನಿಂದಲೂ ಒಂದು ಉತ್ತರವಿತ್ತು: ವ್ಯೂ. ನಾಲ್ಕು ಟೇಬಲ್ ಜೋಡಿಸಿ ಒಂದು ಟೇಬಲ್ಲಿನಂತೆ ತೋರಿಸುವ ಕಿಟಕಿ ಅದು. ಕಿಟಕಿಯಲ್ಲಿ ಕೈ ಚಾಚಿ ಒಳಗಿನದನ್ನು ತಿದ್ದಲು ಹೊರಟಾಗಲೇ ತೊಡಕು. ಮೈಕ್ರೋಸಾಫ್ಟಿನ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರ್ ಅಂಥ ವ್ಯೂ ಮೂಲಕ ಒಂದು ಬಾರಿಗೆ ಒಂದೇ ಮೂಲ ಟೇಬಲ್ಲಿನ ಕಾಲಂಗಳನ್ನು ಬದಲಿಸಲು ಬಿಡುತ್ತದೆ. ಎರಡು ಟೇಬಲ್ಲಿಗೆ ಒಟ್ಟಿಗೆ ಕೈ ಹಾಕಿದರೆ ಒಲ್ಲೆ ಎನ್ನುತ್ತದೆ. ಜೋಡಿಸಿ ಓದುವುದು ಬೇರೆ, ಜೋಡಿಸಿದ್ದರ ಮೇಲೆ ಬರೆಯುವುದು ಬೇರೆ ಎಂದು ಡೇಟಾಬೇಸು ಆಗಲೇ ಹೇಳಿಯಾಗಿತ್ತು. ಮೇಲಿನ ಪದರದಲ್ಲಿ ಆಬ್ಜೆಕ್ಟು ಬರೆಯುತ್ತಿದ್ದವರಿಗೆ ಅದು ಕೇಳಿಸಲಿಲ್ಲ.

ನಾನು ಹತ್ತಿರದಿಂದ ಕಂಡ ಕಾಲ 2005ರ ಆಸುಪಾಸಿನದು. ಆಗ ಊರೂರಿನ ಸಂಘಗಳಿಗೆ ವಿಂಡೋಸ್ ಪ್ರೋಗ್ರಾಂ ಬರೆದುಕೊಡುವವರ ಕೈಗೆ ಕೋಡ್ ಜನರೇಟರುಗಳು ಬಂದಿದ್ದವು. ಡೇಟಾಬೇಸ್ ತೋರಿಸಿದರೆ ಟೇಬಲ್ಲಿಗೊಂದು ಕ್ಲಾಸು (ಆಬ್ಜೆಕ್ಟಿನ ಅಚ್ಚು), ಕಾಲಂಗೊಂದು ಪ್ರಾಪರ್ಟಿ, ಸೇವ್ ಮಾಡುವ ಕೋಡು ಎಲ್ಲವೂ ನಿಮಿಷದಲ್ಲಿ ತಯಾರು. ಆದರೆ ಹುಟ್ಟಿದ ‘ಲಾಟು’ ಕ್ಲಾಸಿನಲ್ಲಿ ಇರುತ್ತಿದ್ದುದು ರೈತರ ಸದಸ್ಯತ್ವದ ನಂಬರು ಮಾತ್ರ. ಪರದೆಯಲ್ಲಿ 1184 ಎಂದು ತೋರಿಸಿದರೆ ಗುಮಾಸ್ತರು ಏನು ಮಾಡಬೇಕು?

ಸದಸ್ಯನೊಳಗೆ ಹೊಕ್ಕು ಹೆಸರು ತರಬಹುದಿತ್ತಲ್ಲ ಎನ್ನಬಹುದು. ಅಲ್ಲೊಂದು ಗಂಟಿತ್ತು. 2005ರಲ್ಲಿ ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್ 2.0 ಜೊತೆ ಬಂದ, ಪರದೆಯ ಮೇಲೆ ಸಾಲು-ಕಾಲಂ ತೋರಿಸುವ ಡೇಟಾಗ್ರಿಡ್‌ವ್ಯೂಗೆ ಚುಕ್ಕಿ ಇಟ್ಟ ದಾರಿ ತಿಳಿಯುತ್ತಿರಲಿಲ್ಲ. ಆಬ್ಜೆಕ್ಟಿನ ಮೇಲ್ಮಟ್ಟದಲ್ಲಿರುವ ಪ್ರಾಪರ್ಟಿಯನ್ನಷ್ಟೇ ಅದು ಕಾಲಂ ಆಗಿ ತೋರಿಸುತ್ತಿತ್ತು. ಹಾಗಾಗಿ ಕಸ್ಟಮ್ ಪ್ರಾಪರ್ಟಿ ಯಾವ ಸಿದ್ಧಾಂತದಿಂದಲೂ ಹುಟ್ಟಿದ್ದಲ್ಲ, ಗ್ರಿಡ್ಡಿನ ಒಂದು ಕೊರತೆಯಿಂದ ಹುಟ್ಟಿದ್ದು. ಬರೆದ ಕೋಡನ್ನು ಜನರೇಟರ್ ಮುಂದಿನ ಸಲ ಅಳಿಸಿಹಾಕುತ್ತಿದ್ದ ಕಾಟಕ್ಕೂ ಅದೇ ವರ್ಷ ಮದ್ದು ಸಿಕ್ಕಿತು: ಸಿ ಶಾರ್ಪ್ ಭಾಷೆಯ ಪಾರ್ಷಿಯಲ್ ಕ್ಲಾಸು. ಯಂತ್ರ ಬರೆದದ್ದು ಒಂದು ಫೈಲಿನಲ್ಲಿ, ನಾವು ಬರೆದದ್ದು ಇನ್ನೊಂದರಲ್ಲಿ. ಅಲ್ಲಿಂದ ಮುಂದೆ ಲಗಾಮಿಲ್ಲ. ಊರು, ತಾಲ್ಲೂಕು, ಅಂಚೆ, ಏಜೆಂಟರ ಹೆಸರು ಎಲ್ಲವೂ ಲಾಟಿನ ಬೆನ್ನ ಮೇಲೆ.

ಅದನ್ನು ತುಂಬಿಸುವ ಬಗೆ ಎರಡಿತ್ತು. ಸುಲಭದ್ದು, ಕೇಳಿದಾಗ ಹೋಗಿ ತರುವುದು. ಪಟ್ಟಿಯಲ್ಲಿ 400 ಲಾಟಿದ್ದರೆ ಲಾಟುಗಳಿಗೆ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಊರಿನ ಹೆಸರಿಗೆ ಇನ್ನೂ 400. ಸರ್ವರ್ ಪಕ್ಕದ ಕೋಣೆಯಲ್ಲಿದ್ದರೆ ಗೊತ್ತೇ ಆಗದು. ತೀರ್ಥಹಳ್ಳಿಯ ಶಾಖೆಯಿಂದ, ಆಷಾಢದ ಮಳೆಯಲ್ಲಿ ಉಸಿರು ಬಿಡುವ ಲೈನಿನ ಮೇಲೆ, ಒಂದು ಹೋಗಿಬರುವಿಕೆಗೆ ಸೆಕೆಂಡಿನ ಹತ್ತನೇ ಒಂದು ಭಾಗವೆಂದರೂ ನಲವತ್ತು ಸೆಕೆಂಡು ಬೇಕು. ಕೌಂಟರಿನಲ್ಲಿ ರೈತರು ಕೊಡೆ ಮಡಚಿಕೊಂಡು ನಿಂತಿರುತ್ತಾರೆ. ಇನ್ನೊಂದು ಬಗೆ, ಮೊದಲೇ ಜಾಯಿನ್ ಮಾಡಿ ಒಂದೇ ಕ್ವೆರಿಯಲ್ಲಿ ತಂದು ತುಂಬಿಸುವುದು. ಅದು ಸರಿಯಾದದ್ದು. ಆದರೆ ಬೇರೆ ಪರದೆಯಿಂದ, ಜಾಯಿನ್ ಇಲ್ಲದೆ ಅದೇ ಲಾಟನ್ನು ತಂದವರಿಗೆ ಊರಿನ ಜಾಗ ಖಾಲಿ ಸಿಗುತ್ತಿತ್ತು. ಊರೇ ಇಲ್ಲವೋ, ತಂದಿಲ್ಲವೋ ಎಂದು ಆಬ್ಜೆಕ್ಟು ಹೇಳುತ್ತಿರಲಿಲ್ಲ.

ಇದೆಲ್ಲಕ್ಕಿಂತ ದುಬಾರಿಯಾದದ್ದು ಬರೆಯುವ ಹಕ್ಕು. ಒಂದು ಸಂಘಕ್ಕಾಗಿ ನಾನೇ ಬರೆದ ಪ್ರೋಗ್ರಾಮಿನಲ್ಲಿ, ಚೆಂದಕ್ಕೆಂದು ಊರಿನ ಹೆಸರಿಗೂ ಸೆಟ್ಟರ್, ಅಂದರೆ ಬರೆಯುವ ಹಕ್ಕು, ಕೊಟ್ಟಿದ್ದೆ. ಅದು ಒಳಗೊಳಗೇ ಊರಿನ ಆಬ್ಜೆಕ್ಟನ್ನು ತಿದ್ದುತ್ತಿತ್ತು. ಮೇಗರವಳ್ಳಿಯ ರೈತರೊಬ್ಬರು ಕೋಣಂದೂರಿಗೆ ಮನೆ ಬದಲಿಸಿದ್ದರು. ಗುಮಾಸ್ತರು ಗ್ರಿಡ್ಡಿನಲ್ಲೇ ಊರಿನ ಹೆಸರು ಅಳಿಸಿ ಹೊಸದು ಬರೆದು ಸೇವ್ ಒತ್ತಿದರು. ಮರುದಿನ ನೋಡಿದರೆ ಮೇಗರವಳ್ಳಿಯವರೆಲ್ಲ ಕೋಣಂದೂರಿನವರು. ಗುಮಾಸ್ತರು ಮಾಡಿದ್ದರಲ್ಲಿ ತಪ್ಪೇನಿದೆ? ಪರದೆಯಲ್ಲಿ ಆ ಚೌಕ ತೂಕದ ಚೌಕದಂತೆಯೇ ಕಾಣುತ್ತಿತ್ತು.

ಜಾವಾದವರ ಕೇರಿಯಲ್ಲಿ 2001ರಲ್ಲಿ ಹುಟ್ಟಿದ, ಟೇಬಲ್ಲನ್ನೂ ಆಬ್ಜೆಕ್ಟನ್ನೂ ಬೆಸೆಯುವ ಹೈಬರ್ನೇಟ್ ಎಂಬ ಸಲಕರಣೆ ಇದನ್ನು ಸ್ವಲ್ಪ ಎಚ್ಚರದಿಂದ ಹಿಡಿಯಿತು. ಅದರಲ್ಲಿ ಪ್ರಾಪರ್ಟಿಗೆ ಕಾಲಂ ಬದಲು ಒಂದು ‘ಫಾರ್ಮುಲಾ’ ಕೊಡಬಹುದು. ಆ ಎಸ್‌ಕ್ಯೂಎಲ್ ತುಣುಕು ಓದುವಾಗ ಮಾತ್ರ ಓಡುತ್ತದೆ, ಸೇವ್ ಮಾಡುವಾಗ ಅದರ ಗೊಡವೆಯಿಲ್ಲ. ಅದೇ ಬೆಸುಗೆಯ ಕೆಲಸಕ್ಕೆ ಜಾವಾದಲ್ಲಿ ಬಂದ 2006ರ ಜೆಪಿಎ ಮಾನಕದಲ್ಲಿ ‘ಸೆಕೆಂಡರಿ ಟೇಬಲ್’ ಎಂಬ ಸೌಲಭ್ಯ ಬಂತು: ಒಂದು ಕ್ಲಾಸು, ಎರಡು ಟೇಬಲ್, ಬರೆಯಲೂ ಬಹುದು. ಹಲವರು ಇದನ್ನೇ ಊರಿನ ಹೆಸರಿಗೆ ಬಳಸಲು ಹೋಗಿ ಎಡವಿದರು. ಅದಿರುವುದು ಎರಡು ಟೇಬಲ್ಲುಗಳ ಸಾಲುಗಳು ಒಂದಕ್ಕೊಂದು ಹೊಂದುವಾಗ, ಸದಸ್ಯರಿಗೊಂದೇ ಪಾಸ್‌ಬುಕ್ ಇದ್ದಂತೆ. ಊರು ಹಾಗಲ್ಲವಲ್ಲ, ನೂರು ಮನೆಗೆ ಒಂದೇ.

2007ರಲ್ಲಿ ಡಾಟ್‌ನೆಟ್ಟಿಗೆ ಲಿಂಕ್ (LINQ), ಅಂದರೆ ಕೋಡಿನೊಳಗೇ ಕ್ವೆರಿ ಬರೆಯುವ ಸೌಲಭ್ಯ, ಬಂದ ಮೇಲೆ ಬಿಗಿ ಸಡಿಲವಾಯಿತು. ಬೇಕಾದ ಕಾಲಂಗಳನ್ನಷ್ಟೇ ಆರಿಸಿ, ಪಟ್ಟಿಗೆಂದೇ ಹೆಸರಿಲ್ಲದ ಪುಟ್ಟ ಆಬ್ಜೆಕ್ಟು ಮಾಡಿಕೊಳ್ಳಬಹುದಿತ್ತು. 2011ರ ಡ್ಯಾಪರ್ ಎಂಬ ಸಲಕರಣೆ ‘ಎಸ್‌ಕ್ಯೂಎಲ್ ಬರೆದುಕೊಡಿ, ಆಬ್ಜೆಕ್ಟು ತುಂಬಿಸಿಕೊಡುತ್ತೇನೆ’ ಎಂದಿತು. ಮೈಕ್ರೋಸಾಫ್ಟಿನ ಅಂಥದೇ ಸಲಕರಣೆಯಾದ 2019ರ ಎಂಟಿಟಿ ಫ್ರೇಮ್‌ವರ್ಕ್ ಕೋರ್ 3.0, ಕೀ (ಸಾಲನ್ನು ಗುರುತಿಸುವ ನಂಬರು) ಇಲ್ಲದ ಎಂಟಿಟಿಗೆ, ಅಂದರೆ ಅಂಥ ಆಬ್ಜೆಕ್ಟಿಗೆ, ಜಾಗ ಕೊಟ್ಟಿತು. ಅದನ್ನು ತಿದ್ದಿದರೂ ಸೇವ್ ಆಗದು. ಸುತ್ತಿ ಬಳಸಿ ಎಲ್ಲರೂ ಹಳೆಯ ಕಿಟಕಿಗೇ ಬಂದರು. ಈ ಸಲ ಅದಕ್ಕೆ ಸರಳು ಹಾಕಿತ್ತು. ಕ್ಲಾಸುಗಳ ಸಂಖ್ಯೆ ಎರಡರಷ್ಟಾಗುತ್ತದೆ ಎಂಬ ಗೊಣಗು ಈಗಲೂ ಕೇಳುತ್ತದೆ, ಸುಳ್ಳೇನಲ್ಲ.

ಹಾಗೆಂದು ಹೆಸರನ್ನು ಲಾಟಿನಲ್ಲೇ ನಕಲು ಮಾಡಿಡುವುದು ಯಾವಾಗಲೂ ಪಾಪವಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಶಿಮೋಗ’ ಅಧಿಕೃತವಾಗಿ ‘ಶಿವಮೊಗ್ಗ’ ಆಯಿತು. ಜಾಯಿನ್ ಇದ್ದಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು, ನಕಲು ಮಾಡಿಟ್ಟವರು ಲಕ್ಷ ಸಾಲು ತಿದ್ದಬೇಕಾಯಿತು. ಆದರೆ 2009ರಲ್ಲಿ ರೈತರ ಕೈಗೆ ಕೊಟ್ಟ ಮಾರಾಟದ ಪಟ್ಟಿಯನ್ನು ಈಗ ಮತ್ತೆ ಪ್ರಿಂಟ್ ತೆಗೆದರೆ ಅದರಲ್ಲಿ ಯಾವ ಹೆಸರಿರಬೇಕು? ಅಂದಿನದೇ. ಅಂದಿನ ದರ ಹೇಗೆ ಆ ಲಾಟಿನದೋ, ಪಟ್ಟಿಯ ಮೇಲೆ ಅಂದು ಅಚ್ಚಾದ ವಿಳಾಸವೂ ಆ ಲಾಟಿನದೇ.

ಕೊನೆಗೆ ಜಾಯಿನ್ ಯಾವ ಬಗೆಯದು ಎಂಬುದೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಹಳೇ ಸದಸ್ಯರ ಪುಸ್ತಕದಲ್ಲಿ ಆ ಊರುಗಳು ಹಾಗೇ ಉಳಿದಿರುತ್ತವೆ, ಈಗಿನ ಊರುಗಳ ಪಟ್ಟಿಯಲ್ಲಿ ಇರುವುದಿಲ್ಲ. ಎರಡೂ ಕಡೆ ಜೋಡಿ ಸಿಕ್ಕ ಸಾಲುಗಳನ್ನಷ್ಟೇ ತರುವ ಇನ್ನರ್ ಜಾಯಿನ್ ಹಾಕಿದಾಗ ಅಂಥ ಸದಸ್ಯರ ಲಾಟುಗಳೇ ಪರದೆಯಿಂದ ಮಾಯ, ಒಟ್ಟು ತೂಕವೂ ತಪ್ಪು. ಜೋಡಿ ಸಿಗದಿದ್ದರೂ ಮೊದಲ ಟೇಬಲ್ಲಿನ ಸಾಲನ್ನು ಉಳಿಸುವ ಲೆಫ್ಟ್ ಜಾಯಿನ್‌ಗೆ ಬದಲಿಸಿದೆ. ಲಾಟು ಬಂತು, ಊರಿನ ಚೌಕ ಖಾಲಿ. ಸಂಘದ ಹಿರಿಯ ಗುಮಾಸ್ತರು ಅದಕ್ಕೆ ಒಪ್ಪಲಿಲ್ಲ. ನೆನಪಿನಿಂದ ಒಂದೊಂದೇ ಹೆಸರು ಹೇಳಿ, ಊರಿನ ಟೇಬಲ್ಲಿಗೇ ಸೇರಿಸಲು ಹೇಳಿದರು. ಪಿನ್‌ಕೋಡ್ ಕಾಲಂ ಖಾಲಿ ಬಿಟ್ಟೆವು.