ಎರಡು ರಾಡ್, ಒಂದು ನಟ್, ಯಾರೂ ಮಾಡದ ಲೆಕ್ಕ

1981ರ ಜುಲೈ 17, ಶುಕ್ರವಾರ ಸಂಜೆ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಲಾಬಿಯಲ್ಲಿ ಡ್ಯಾನ್ಸ್ ಸ್ಪರ್ಧೆ ನಡೆಯುತ್ತಿತ್ತು. ಏಳು ಗಂಟೆ ದಾಟಿತ್ತು ಅಷ್ಟೇ. ನಾಲ್ಕನೇ ಮಹಡಿಯಲ್ಲಿ ತೂಗುಹಾಕಿದ್ದ ಸ್ಕೈವಾಕ್ ಕಳಚಿ, ಅದರ ನೇರ ಕೆಳಗಿದ್ದ ಎರಡನೇ ಮಹಡಿಯ ಸ್ಕೈವಾಕ್ ಮೇಲೆ ಬಿತ್ತು. ಎರಡೂ ಸೇರಿ ಕೆಳಗೆ ನಿಂತಿದ್ದ ಜನರ ಮೇಲೆ ಬಿದ್ದವು. 114 ಜನ ಸತ್ತರು. ಹೋಟೆಲ್ ಶುರುವಾಗಿ ಆಗ ಬರೀ ಒಂದು ವರ್ಷವಾಗಿತ್ತು.

ಆಗಿದ್ದೇನು ಅಂದರೆ, ಮೂಲ ನಕ್ಷೆಯಲ್ಲಿ ಛಾವಣಿಯಿಂದ ಇಳಿಯುವ ಒಂದೇ ಉಕ್ಕಿನ ರಾಡ್ ನಾಲ್ಕನೇ ಮಹಡಿಯ ತೊಲೆಯನ್ನು ತೂರಿಕೊಂಡು ಎರಡನೇ ಮಹಡಿಯವರೆಗೆ ಬರಬೇಕಿತ್ತು. ಆದರೆ ನಡುವೆ ನಟ್ ಕೂರಿಸಬೇಕಾದರೆ ಅಷ್ಟುದ್ದ ರಾಡಿಗೂ ನಟ್ ತಿರುಗುವ ಥ್ರೆಡ್ ಹಾಕಬೇಕು. ಎತ್ತಿ ಕೂರಿಸುವಾಗ ಆ ಥ್ರೆಡ್ ಹಾಳಾಗುವ ಭಯ ಬೇರೆ. ಉಕ್ಕಿನ ಕೆಲಸ ವಹಿಸಿಕೊಂಡಿದ್ದ ಹ್ಯಾವೆನ್ಸ್ ಸ್ಟೀಲ್ ಕಂಪನಿ ಒಂದು ರಾಡಿನ ಬದಲು ಎರಡು ತುಂಡು ಸೂಚಿಸಿತು. ಒಂದು ಛಾವಣಿಯಿಂದ ಮೇಲಿನ ತೊಲೆಗೆ, ಇನ್ನೊಂದು ಆ ತೊಲೆಯಿಂದ ಕೆಳಗಿನ ಸ್ಕೈವಾಕಿಗೆ.

ನೋಡೋದಕ್ಕೆ ಸಣ್ಣ ಬದಲಾವಣೆ, ಅಲ್ವಾ? ಇಬ್ಬರು ಒಂದೇ ಹಗ್ಗ ಹಿಡಿದು ಜೋತು ಬಿದ್ದರೆ ಒಬ್ಬೊಬ್ಬರ ಕೈಗೂ ಅವರವರ ಭಾರ ಮಾತ್ರ. ಕೆಳಗಿನವರು ಹಗ್ಗ ಬಿಟ್ಟು ಮೇಲಿನವರ ಕಾಲು ಹಿಡಿದರೆ? ಮೇಲಿನ ತೊಲೆಯ ಅಡಿಯ ನಟ್ ಮೇಲೂ ಹಾಗೇ ಎರಡು ಪಟ್ಟು ಭಾರ ಬಿತ್ತು. ತೊಲೆಯಾದರೂ ಗಟ್ಟಿಯೇ? ಎರಡು ಉಕ್ಕಿನ ಚಾನೆಲ್‌ಗಳನ್ನು ಎದುರುಬದುರಾಗಿಟ್ಟು ಬೆಸುಗೆ ಹಾಕಿದ ಡಬ್ಬದಂಥ ತೊಲೆ ಅದು. ರಾಡಿನ ತೂತು ಕೊರೆದದ್ದು ಸರಿಯಾಗಿ ಆ ಬೆಸುಗೆಯ ಮೇಲೇ. ಆ ಸಂಜೆ ನಟ್ಟು ತೊಲೆಯನ್ನು ಸೀಳಿಕೊಂಡು ಮೇಲೆ ಬಂದಿತ್ತು.

ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೂಲ ನಕ್ಷೆಯ ಜೋಡಣೆಗೇ ನಗರದ ಕಟ್ಟಡ ನಿಯಮ ಕೇಳುವ ಶಕ್ತಿಯ ಸುಮಾರು 60% ಮಾತ್ರ ಇತ್ತು. ಬದಲಾದ ಮೇಲೆ ಅದು ಸುಮಾರು 30%ಕ್ಕೆ ಇಳಿಯಿತು.

ನನ್ನನ್ನು ಜಾಸ್ತಿ ಕಾಡುವುದು ಇದಕ್ಕೂ ಹಿಂದಿನ ಮಾತುಕತೆ. ಆ ಜೋಡಣೆಯ ಲೆಕ್ಕ ಉಕ್ಕಿನ ಕಂಪನಿ ಮಾಡುತ್ತದೆ ಎಂದು ಎಂಜಿನಿಯರ್‌ಗಳು ಅಂದುಕೊಂಡಿದ್ದರು. ಎಂಜಿನಿಯರ್‌ಗಳು ಆಗಲೇ ಮಾಡಿದ್ದಾರೆ ಎಂದು ಕಂಪನಿ ಅಂದುಕೊಂಡಿತ್ತು. ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದೆವು ಎಂದು ಕಂಪನಿ ಹೇಳಿತು. ಅಂಥ ಫೋನೇ ಬಂದಿಲ್ಲ ಎಂದರು ಎಂಜಿನಿಯರ್‌ಗಳು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ಎರಡು ರಾಡಿನ ಶಾಪ್ ಡ್ರಾಯಿಂಗ್ (ಉಕ್ಕಿನ ಭಾಗಗಳನ್ನು ತಯಾರಿಸಲು ಬಳಸುವ ವಿವರವಾದ ನಕ್ಷೆ) ಮೇಲೆ ಮಾತ್ರ ಎಂಜಿನಿಯರ್ ಮೊಹರು ಬಿದ್ದಿತ್ತು.

ಎಚ್ಚೆತ್ತುಕೊಳ್ಳಲು ಒಂದು ಅವಕಾಶವೂ ಸಿಕ್ಕಿತ್ತು. ಕಟ್ಟುತ್ತಿರುವಾಗಲೇ, 1979ರ ಅಕ್ಟೋಬರಿನಲ್ಲಿ, ಅದೇ ಲಾಬಿಯ ಛಾವಣಿಯ ಒಂದು ಭಾಗ ಕುಸಿದಿತ್ತು. ಆಮೇಲೆ ನಡೆದ ಪರಿಶೀಲನೆಯಲ್ಲೂ ರಾಡಿನ ಈ ಜೋಡಣೆಯ ಲೆಕ್ಕ ಯಾರೂ ಹಾಕಲಿಲ್ಲ.

ಕ್ರಿಮಿನಲ್ ಕೇಸ್ ಆಗಲಿಲ್ಲ. ಆದರೆ ಮೊಹರು ಒತ್ತಿದವರ ಹೊಣೆ ಎಲ್ಲೂ ಹೋಗುವುದಿಲ್ಲ ಎಂದು ತೀರ್ಮಾನವಾಗಿ, ಆ ಕಟ್ಟಡದ ಎಂಜಿನಿಯರ್‌ಗಳಾದ ಜ್ಯಾಕ್ ಗಿಲ್ಲಮ್ ಮತ್ತು ಡೇನಿಯಲ್ ಡಂಕನ್ ಮಿಸೂರಿ ರಾಜ್ಯದ ಲೈಸೆನ್ಸ್ ಕಳೆದುಕೊಂಡರು. ಗಿಲ್ಲಮ್ ಮುಂದೆ ಎಂಜಿನಿಯರ್‌ಗಳ ಸಭೆಗಳಲ್ಲಿ ನಿಂತು, ತಮ್ಮದೇ ಮೊಹರಿದ್ದ ಆ ಕಟ್ಟಡದ ಕತೆಯನ್ನು ಹೇಳುತ್ತಿದ್ದರು.