ನೆರೆ ಇಳಿದ ಮೇಲೆ ಅಣೆಕಟ್ಟಿನ ಬುಡ ನೋಡುವವರು ಯಾರು?

2019ರ ಆಗಸ್ಟ್ 9ರ ನೆರೆಯನ್ನು ಬೆಳ್ತಂಗಡಿ ತಾಲ್ಲೂಕಿನವರು ಇನ್ನೂ ಮರೆತಿಲ್ಲ. ಚಾರ್ಮಾಡಿ ಕಡೆಯ ಗುಡ್ಡಗಳು ಜರಿದು, ಬೇರುಸಮೇತ ಕಿತ್ತುಬಂದ ಮರಗಳು ಹೊಳೆಗುಂಟ ತೇಲಿಬಂದು ಸೇತುವೆಗಳಿಗೂ, ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳಿಗೂ ಅಡ್ಡ ಬಿದ್ದಿದ್ದವು. ನೀರು ಇಳಿದ ನಾಲ್ಕನೆಯ ದಿನ ಅಂಥದ್ದೊಂದು ಕಿಂಡಿ ಅಣೆಕಟ್ಟಿನ ಹತ್ತಿರ ನಾನೂ ಹೋಗಿದ್ದೆ. ದಿಮ್ಮಿಗಳ ಫೋಟೊ ತೆಗೆಯಲು ಬಂದವರು ಬಹಳ ಜನ. ಆದರೆ ಪಕ್ಕದ ಅಡಿಕೆ ತೋಟದ ಹಿರಿಯರೊಬ್ಬರು ದಿಮ್ಮಿಗಳತ್ತ ನೋಡುತ್ತಲೇ ಇರಲಿಲ್ಲ. ಕೆಳಮಗ್ಗುಲಿಗೆ ಇಳಿದು, ಉದ್ದನೆಯ ಬಿದಿರಿನ ಗಳುವನ್ನು ಮೂರನೆಯ ಕಿಂಡಿಯ ಬುಡದಲ್ಲಿ ಊರುತ್ತಿದ್ದರು. ಉಳಿದ ಕಿಂಡಿಗಳ ಎದುರು ಗಳು ಕಾಂಕ್ರೀಟ್ ಹಾಸಿಗೆ ತಾಗಿ ಟಕ್ಕೆನ್ನುತ್ತಿತ್ತು. ಇಲ್ಲಿ ಮಾತ್ರ ಸದ್ದಿಲ್ಲದೆ ಇಳಿಯುತ್ತಲೇ ಹೋಯಿತು. "ಅಡಿಯಲ್ಲಿ ಏನೂ ಇಲ್ಲ ಮಾರಾಯರೇ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ" ಎಂದರು.

ವಿಕೋಪದ ನಂತರ ಅಣೆಕಟ್ಟನ್ನು ಪರೀಕ್ಷಿಸುವುದು ಎಂದರೆ ಮೂಲತಃ ಇಷ್ಟೇ: ಮೇಲೆ ಕಾಣದ್ದನ್ನು ಹುಡುಕುವುದು. ನೀರು ಧುಮುಕುವ ಕಡೆ ಹಾಸಿನ ಅಡಿಯ ಮಣ್ಣು, ಮರಳು ಕೊರೆದುಹೋಗಿದೆಯೇ ಎಂದು ನೋಡುವುದು. ದೊಡ್ಡ ಅಣೆಕಟ್ಟುಗಳಲ್ಲಿ ಇದಕ್ಕೆ ಮುಳುಗುಗಾರರು, ನೀರೊಳಗಿನ ಕ್ಯಾಮೆರಾಗಳು ಇವೆ. ನಮ್ಮ ಹೊಳೆಗಳಲ್ಲಿ ಬಿದಿರಿನ ಗಳು ಇದೆ, ಅದನ್ನು ಹಿಡಿಯುವ ಕೈ ಇದ್ದರೆ.

ತುಳುನಾಡಿಗೆ ಅಣೆಕಟ್ಟು ಹೊಸದಲ್ಲ, ಹಳೆಯ ಅಣೆಕಟ್ಟು ಹೊಸದು. ಸುಗ್ಗಿ ಮತ್ತು ಕೊಳಕೆ ಎಂಬ ಎರಡನೆಯ, ಮೂರನೆಯ ಭತ್ತದ ಬೆಳೆಗೆ ನೀರು ಬೇಕಾದಾಗ ಊರವರು ಸೇರಿ ತೋಡಿಗೆ, ಹೊಳೆಗೆ 'ಕಟ್ಟ' ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಕಾಂಡ ಅದರ ಸಾಮಗ್ರಿ. ಮಳೆಗಾಲದ ಮೊದಲ ದೊಡ್ಡ ನೀರಿಗೆ ಕಟ್ಟ ಹೋಗುತ್ತಿತ್ತು, ಹೋಗಲೆಂದೇ ಕಟ್ಟಿದ್ದು. ಮುಂದಿನ ವರ್ಷ ಮತ್ತೆ ಹೊಸದು. ಹಾಗಾಗಿ ಕಟ್ಟಕ್ಕೆ ವಯಸ್ಸಾಗುತ್ತಿರಲಿಲ್ಲ. ಪ್ರತಿ ವರ್ಷ ಊರವರೆಲ್ಲ ಹೊಳೆಯ ತಳಕ್ಕೆ ಇಳಿದು ಕೈಯಾಡಿಸುತ್ತಿದ್ದರಿಂದ ಬೇರೆ ಪರಿಶೀಲನೆಯೂ ಬೇಕಿರಲಿಲ್ಲ. ಆಮೇಲೆ ಕಾಂಕ್ರೀಟ್ ಕಂಬಗಳ ಕಿಂಡಿ ಅಣೆಕಟ್ಟು ಬಂತು. ಮಳೆ ಹೋದ ಮೇಲೆ ಕಂಬಗಳ ನಡುವೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುವುದು, ಮಳೆಗಾಲಕ್ಕೆ ಮುಂಚೆ ತೆಗೆಯುವುದು. ಒಳ್ಳೆಯ ಏರ್ಪಾಡೇ. ಆದರೆ ಹಲಗೆ ಮಾತ್ರ ವರ್ಷವರ್ಷ ಮೇಲೆ ಕೆಳಗೆ ಆಗುತ್ತದೆ, ಕಂಬದ ಬುಡ ಯಾರ ಕಣ್ಣಿಗೂ ಬೀಳದೆ ಹಳತಾಗುತ್ತದೆ.

ದೇಶದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಇದೇ ಪಶ್ಚಿಮ ಘಟ್ಟದ ಉತ್ತರ ಭಾಗದಲ್ಲಿ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಮಿ ಕಂಪಿಸಿತು. ಸುಮಾರು 180 ಜನ ಸತ್ತರು. 103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟು ನಿಂತೇ ಇತ್ತು. ನಿಂತಿದೆ ಎಂದು ಸುಮ್ಮನಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಎಂಜಿನಿಯರುಗಳು ಗೋಡೆಯನ್ನು ಅಂಗುಲ ಅಂಗುಲ ನೋಡಿದರು. ಕೆಳಮಗ್ಗುಲಿನ ಇಳಿಜಾರು ಬದಲಾಗುವ ಎತ್ತರದಲ್ಲಿ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಸಿಕ್ಕವು. ಉಕ್ಕಿನ ಕೇಬಲ್ ಎಳೆದು ಬಿಗಿದರು, ಎತ್ತರದ ಭಾಗಗಳಿಗೆ ಹಿಂದಿನಿಂದ ಕಾಂಕ್ರೀಟ್ ಆನಿಕೆ ಕೊಟ್ಟರು. ಅಲ್ಲಿಯವರೆಗೆ ಭೂಕಂಪದ ಭಯವೇ ಇಲ್ಲ ಎಂದುಕೊಂಡಿದ್ದ ಪ್ರದೇಶ ಅದು.

1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲ್ಗಡೆ ಮಚ್ಛು-2 ಅಣೆಕಟ್ಟು ಒಡೆಯಿತು. ಅದರ ಕೋಡಿ ಹೊರಬಿಡಬಲ್ಲ ನೀರಿನ ಲೆಕ್ಕ ಸುಮಾರು 2 ಲಕ್ಷ ಕ್ಯುಸೆಕ್ (ಸೆಕೆಂಡಿಗೆ ಘನ ಅಡಿ). ಬಂದ ನೀರು ಅದರ ಎರಡು ಪಟ್ಟಿಗೂ ಮಿಕ್ಕಿದ್ದು. ಮಣ್ಣಿನ ಏರಿಯ ಮೇಲೆಯೇ ನೀರು ಹರಿದು ಏರಿ ಕೊಚ್ಚಿಹೋಯಿತು. ಸತ್ತವರ ಸಂಖ್ಯೆ ಸಾವಿರಗಳಲ್ಲಿ. ಗಮನಿಸಿ, ಆ ಅಣೆಕಟ್ಟಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಆದ್ದರಿಂದ 'ಮುದಿ ಅಣೆಕಟ್ಟು' ಎಂಬ ಮಾತನ್ನು ಕಟ್ಟಿದ ಇಸವಿಯಿಂದ ಮಾತ್ರ ಅಳೆಯುವುದು ತಪ್ಪು. ಕಟ್ಟುವಾಗ ಲೆಕ್ಕ ಹಾಕಿದ ಮಳೆ ಹಳತಾದರೆ ಅಣೆಕಟ್ಟೂ ಹಳತಾಯಿತು. ಕೇಂದ್ರ ಜಲ ಆಯೋಗದಲ್ಲಿ ಅಣೆಕಟ್ಟು ಸುರಕ್ಷತೆಗೆಂದೇ ಒಂದು ಘಟಕ ಹುಟ್ಟಿದ್ದು ಅದೇ 1979ರಲ್ಲಿ. 1982ರಲ್ಲಿ ಸಮಿತಿ, 1986ರಲ್ಲಿ ವರದಿ. ಕಾಯ್ದೆಗೆ ಮಾತ್ರ ಮೂರೂವರೆ ದಶಕ ಹಿಡಿಯಿತು.

ನಡುವೆ 2001ರ ಜನವರಿ 26ರಂದು ಭುಜ್ ಭೂಕಂಪವಾಯಿತು. ಕಚ್ಛ್‌ನ ಹಲವಾರು ಮಣ್ಣಿನ ಅಣೆಕಟ್ಟುಗಳ ಏರಿ ಉದ್ದುದ್ದ ಸೀಳಿ, ಕುಸಿದು ಕೂತವು. ಬರಗಾಲವಿದ್ದು ಕೆರೆಗಳಲ್ಲಿ ನೀರು ತಳದಲ್ಲಿತ್ತು, ಅದರಿಂದ ಬಚಾವ್. ಮಳೆ ಬರುವ ಮುಂಚೆ ನೋಡಿ ದುರಸ್ತಿ ಮಾಡಲು ನಾಲ್ಕೈದು ತಿಂಗಳ ಸಮಯವೂ ಸಿಕ್ಕಿತು. ಅದೇ ಕಂಪನ ಸೆಪ್ಟೆಂಬರಿನಲ್ಲಿ, ತುಂಬಿದ ಕೆರೆಗಳ ಕಾಲಕ್ಕೆ ಆಗಿದ್ದರೆ?

2019ರ ಜುಲೈ 2ರ ರಾತ್ರಿ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದದ್ದು ನಮಗೆ ಇನ್ನೂ ಹತ್ತಿರದ ಸಂಗತಿ. ಅದೇ ಕರಾವಳಿ, ಅದೇ ಜಡಿಮಳೆ. ನೀರು ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಅಲ್ಲಿನ ಸಚಿವರೊಬ್ಬರು ಏಡಿಗಳು ಏರಿಯನ್ನು ಕೊರೆದವು ಎಂದರು. ದೇಶವೆಲ್ಲ ನಕ್ಕಿತು. ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ಏಡಿಯ ಬಿಲ ಮುಚ್ಚಿ ಬೆಳೆದವನಾದ ನನಗೆ ಪೂರ್ತಿ ನಗು ಬರಲಿಲ್ಲ. ಬಿಲದಿಂದ ನೀರು ಒಸರುವುದು, ಒಸರಿನ ಜೊತೆ ಮಣ್ಣು ಬರುವುದು, ತೂತು ದೊಡ್ಡದಾಗುವುದು ಎಲ್ಲ ನಿಜ. ಆದರೆ ಹುಣಿ ಹೋದಾಗ ಅಪ್ಪ ಬೈಯುತ್ತಿದ್ದದ್ದು ಏಡಿಗಲ್ಲ, ಸಂಜೆ ಗದ್ದೆಗೆ ಸುತ್ತು ಬರದ ನನಗೆ.

ಪರಿಶೀಲನೆಯ ಅರ್ಧ ವಿದ್ಯೆ ಇದೇ ಒಸರಿನಲ್ಲಿದೆ. ಎಲ್ಲ ಅಣೆಕಟ್ಟುಗಳೂ ಸ್ವಲ್ಪ ಸೋರುತ್ತವೆ. ಅದನ್ನು ಒಂದು ಕಾಲುವೆಗೆ ಹರಿಸಿ, ತ್ರಿಕೋನಾಕಾರದ ಕಚ್ಚು ಇರುವ ತಗಡಿನ ಮೇಲಿಂದ ಬೀಳಿಸಿ, ದಿನವೂ ಎತ್ತರ ಬರೆದಿಡುತ್ತಾರೆ. ಭೂಕಂಪ ಅಥವಾ ನೆರೆಯ ನಂತರ ಮೊದಲು ತೆಗೆಯುವುದು ಆ ಪುಸ್ತಕವನ್ನೇ. ನಿನ್ನೆಗಿಂತ ಇಂದು ಜಾಸ್ತಿಯೇ? ತಿಳಿನೀರೇ, ಕೆಂಪೇ? ತಿಳಿಯಾಗಿ ಜಾಸ್ತಿ ಬಂದರೆ ಕಣ್ಣಿಡಬೇಕು, ಕೆಂಪಾಗಿ ಬಂದರೆ ಒಳಗಿನ ಮಣ್ಣು ಹೊರಟಿದೆ ಎಂದು ಅರ್ಥ, ಜಲಾಶಯದ ಮಟ್ಟ ಇಳಿಸಬೇಕು. ಉಳಿದದ್ದು, ಏರಿಯ ಮೇಲೆ ನಡೆದು ಬಿರುಕು, ವಾಲಿಕೆ ನೋಡುವುದು, ಒಂದೊಂದು ಗೇಟನ್ನೂ ಎತ್ತಿ ಇಳಿಸುವುದು, ವಿದ್ಯುತ್ ಇಲ್ಲದಾಗ ಜನರೇಟರ್ ಹೊತ್ತಿಕೊಳ್ಳುತ್ತದೆಯೇ ಎಂದು ನೋಡುವುದು. ಜಲಾಶಯದ ಅಂಚಿನ ಗುಡ್ಡಗಳನ್ನೂ ಬಿಡುವಂತಿಲ್ಲ. 1963ರಲ್ಲಿ ಇಟಲಿಯ ವಾಯೊಂತ್‌ನಲ್ಲಿ ಗುಡ್ಡ ಜಲಾಶಯಕ್ಕೆ ಜಾರಿ ಎದ್ದ ಅಲೆಗೆ ಸುಮಾರು ಎರಡು ಸಾವಿರ ಜನ ಸತ್ತರು, ಅಣೆಕಟ್ಟಿನ ಗೋಡೆ ಮಾತ್ರ ಇಂದಿಗೂ ಹಾಗೇ ಇದೆ.

2021ರ ನವೆಂಬರ್ 19ರಂದು ಆಂಧ್ರದ ಅನ್ನಮಯ್ಯ ಅಣೆಕಟ್ಟು ನೆರೆಗೆ ಕೊಚ್ಚಿಹೋಯಿತು. ಎರಡು ವಾರದೊಳಗೆ, ಡಿಸೆಂಬರ್ 2ರಂದು ರಾಜ್ಯಸಭೆ ಅಣೆಕಟ್ಟು ಸುರಕ್ಷತಾ ಮಸೂದೆಯನ್ನು ಒಪ್ಪಿತು. ಡಿಸೆಂಬರ್ 30ರಿಂದ ಕಾಯ್ದೆ ಜಾರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತಪಾಸಣೆ ಈಗ ಕಡ್ಡಾಯ. ಅದಲ್ಲದೆ ಪ್ರತಿ ನೆರೆ, ಭೂಕಂಪ, ಬೇರಾವುದೇ ವಿಕೋಪದ ಸಮಯದಲ್ಲೂ ಅನಂತರವೂ ನೋಡಲೇಬೇಕು. ಐದು ವರ್ಷದೊಳಗೆ ಸ್ವತಂತ್ರ ತಜ್ಞರಿಂದ ಸಮಗ್ರ ಮೌಲ್ಯಮಾಪನವೂ ಆಗಬೇಕು. ಆ ಗಡುವು 2026ರ ಡಿಸೆಂಬರಿಗೆ ಮುಗಿಯುತ್ತದೆ. ನೂರು ವರ್ಷ ದಾಟಿದ ಅಣೆಕಟ್ಟುಗಳೇ ದೇಶದಲ್ಲಿ ಇನ್ನೂರಕ್ಕೂ ಹೆಚ್ಚಿವೆ.

ತಪಾಸಣೆ ಎಂಬುದು ಕಾಗದದ ಶಾಸ್ತ್ರವಾದರೆ ಏನಾಗುತ್ತದೆ ಎಂದು ತಿಳಿಯಲು ಹೊರರಾಜ್ಯಕ್ಕೆ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಭೂಕಂಪವಿಲ್ಲ, ಕಂಡುಕೇಳರಿಯದ ನೆರೆಯೂ ಇಲ್ಲ, ಏಳು ದಶಕದ ಸವೆತ ಅಷ್ಟೇ. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. 'ಸ್ಟಾಪ್‌ಲಾಗ್' ಎಂದು ಟಿ.ವಿ.ಯವರು ಹೇಳುತ್ತಿದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯೋ, ಇದು ನಮ್ಮ ಕಿಂಡಿಯ ಹಲಗೆ!" ಎಂದೆವು.

ಈ ಕಾಯ್ದೆ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಎಲ್ಲಿಯವರೆಗೆ ಬರುತ್ತದೆ? 15 ಮೀಟರಿಗಿಂತ ಎತ್ತರದವು ಅದರ ಲೆಕ್ಕಕ್ಕೆ ಬರುತ್ತವೆ. 10ರಿಂದ 15 ಮೀಟರಿನವು ಉದ್ದ, ಸಂಗ್ರಹ, ನೆರೆಯ ಪ್ರಮಾಣ ಇತ್ಯಾದಿ ಷರತ್ತುಗಳಲ್ಲಿ ಒಂದಾದರೂ ಕೂಡಿಬಂದರೆ ಸೇರುತ್ತವೆ. ಘಟ್ಟದ ಮೇಲೆ ಹೊಸನಗರ ತಾಲ್ಲೂಕಿನಲ್ಲಿರುವ ಮಾಣಿ ಅಣೆಕಟ್ಟು ಸೇರುತ್ತದೆ. ಅದು ಶಿವಮೊಗ್ಗ ಜಿಲ್ಲೆಯದಾದರೂ ಅದರ ನೀರು ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಇಳಿದು ವಾರಾಹಿಯಾಗಿ ಕುಂದಾಪುರದತ್ತ ಬರುವುದರಿಂದ ಚಿಂತೆ ಉಡುಪಿಯವರದು. ಆದರೆ ಹೊಳೆ ಹೊಳೆಗೂ ಇರುವ ಕಿಂಡಿ ಅಣೆಕಟ್ಟುಗಳಲ್ಲಿ ಬಹುಪಾಲು ಮೂರು ನಾಲ್ಕು ಮೀಟರಿನವು. ಕಾಯ್ದೆಯ ಕಣ್ಣಿಗೆ ಅವು ಅಣೆಕಟ್ಟೇ ಅಲ್ಲ.

ಅವು ಒಡೆದರೆ ಊರು ಮುಳುಗುವುದಿಲ್ಲ, ಒಪ್ಪುತ್ತೇನೆ. ಮಳೆಗಾಲದಲ್ಲಿ ಹಲಗೆಯೇ ಇಲ್ಲದಿರುವಾಗ ಒಡೆಯಲು ನೀರೆಲ್ಲಿ? ಆದರೆ ಅನೇಕ ಕಿಂಡಿ ಅಣೆಕಟ್ಟುಗಳ ತಲೆಯ ಮೇಲೆ ರಸ್ತೆ ಹೋಗುತ್ತದೆ, ಶಾಲೆಯ ಮಕ್ಕಳ ರಿಕ್ಷಾ ಹೋಗುತ್ತದೆ. ಬುಡ ಕೊರೆದ ಕಂಬ ಏನು ಮಾಡಬಲ್ಲದು ಎಂಬುದನ್ನು 2018ರ ಜೂನ್ 25ರಂದು ಫಲ್ಗುಣಿಗೆ ಕುಸಿದುಬಿದ್ದ ಮುಲಾರಪಟ್ಣ ಸೇತುವೆ ತೋರಿಸಿದೆ. ಮಂಗಳೂರು ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನ ನೀರು, ಉಡುಪಿ ಕುಡಿಯುವುದು ಸ್ವರ್ಣೆಯ ಬಜೆಯದ್ದು. ಬೇಸಿಗೆಯಲ್ಲಿ ತುಂಬೆಯ ಮಟ್ಟ 6 ಮೀಟರಿನಿಂದ ಎಷ್ಟು ಇಳಿಯಿತು ಎಂದು ಪತ್ರಿಕೆಗಳು ಸೆಂಟಿಮೀಟರ್ ಲೆಕ್ಕದಲ್ಲಿ ಬರೆಯುತ್ತವೆ. ಮಳೆಗಾಲದಲ್ಲಿ ಬಂಟ್ವಾಳದ ಅಪಾಯದ ಮಟ್ಟ 8.5 ಮೀಟರ್ ಎಂಬುದು ಮಕ್ಕಳಿಗೂ ಬಾಯಿಪಾಠ. 1923ರ 'ಮಾರಿಬೊಳ್ಳ' ಎಂಬ ಮಹಾನೆರೆ, 1974ರ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಅಜ್ಜಂದಿರು ಗೋಡೆ ತೋರಿಸುತ್ತಾರೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದಾಗಲೂ ನಾವು ಗೋಡೆಯ ಮೇಲಿನ ಗೆರೆಯನ್ನೇ ನೋಡಿದೆವು. ನೀರಿನ ಎತ್ತರ ಅಳೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಗೆರೆ ಇಳಿದ ಮರುದಿನ ಹಾಸಿನ ಆಳ ಅಳೆದವರು ಎಷ್ಟು ಮಂದಿ?

ಭೂಕಂಪ ನಮ್ಮ ಕಡೆ ಎಲ್ಲಿ ಎನ್ನುವವರಿಗೆ 2022ರ ಜೂನ್ ನೆನಪಿಸಬೇಕು. ಸುಳ್ಯ, ಸಂಪಾಜೆ, ಚೆಂಬು ಕಡೆ ವಾರದಲ್ಲಿ ಹಲವು ಸಲ ಪಾತ್ರೆಗಳು ಗಡಗಡ ಎಂದವು. ಸಣ್ಣ ಕಂಪನಗಳೇ. ಮನೆಗಳ ಗೋಡೆಯ ಬಿರುಕು ನೋಡಲು ಅಧಿಕಾರಿಗಳು ಬಂದರು.

ಬೆಳ್ತಂಗಡಿಯ ಆ ಹಿರಿಯರು ಮೂರನೆಯ ಕಿಂಡಿಯ ಗುಂಡಿಯ ಬಗ್ಗೆ ಅರ್ಜಿ ಕೊಟ್ಟಿದ್ದರು. ದಿಮ್ಮಿಗಳನ್ನು ಜೆಸಿಬಿ ಬಂದು ತೆಗೆಯಿತು, ಗುಂಡಿ ಹಾಗೇ ಉಳಿಯಿತು. ಡಿಸೆಂಬರಿನಲ್ಲಿ ಹಲಗೆ ಇಳಿಸುವ ದಿನ ನಾನು ಮತ್ತೆ ಹೋಗಿದ್ದೆ. ತೋಟದವರು ಹತ್ತು ಹನ್ನೆರಡು ಮಂದಿ ಸೊಂಟಮಟ್ಟದ ನೀರಿನಲ್ಲಿ ನಿಂತು, ಮರಳು ತುಂಬಿದ ಗೋಣಿಚೀಲಗಳನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಹದಿನೇಳು ಚೀಲ ಹಿಡಿಯಿತು. ಹಿರಿಯರು ಗಳು ಊರಿ ನೋಡಿ, ಇನ್ನೂ ಎರಡು ಬೇಕೆಂದರು.